ಕಳೆಯುವ ಲೆಕ್ಕ

ಪಕ್ಕದ ಮನೆಯವರು ಮೊನ್ನೆ ಕಿಟಕಿಯ ಸರಳುಗಳಿಗೆ ಬಣ್ಣ ಹೊಡೆಸುತ್ತಿದ್ದರು. ಬಣ್ಣದವನು ತಿನ್ನರ್ ಡಬ್ಬದ ಮುಚ್ಚಳ ತೆಗೆದದ್ದೇ ತಡ, ಈಚೆ ಅಡುಗೆಮನೆಯಲ್ಲಿ ಸೌಟು ಹಿಡಿದಿದ್ದ ನಾನು ಹಾಗೆಯೇ ನಿಂತುಬಿಟ್ಟೆ. "ಎಂತ ಆಯ್ತು? ತಲೆ ಸುತ್ತಿತಾ? ಕಿಟಕಿ ಮುಚ್ಚಲಾ?" ಎನ್ನುತ್ತ ಗಂಡ ಎದ್ದು ಬಂದರು. ಮುಚ್ಚಬೇಡಿ, ಸ್ವಲ್ಪ ಇರಲಿ ಎಂದೆ. ಆ ವಾಸನೆಯನ್ನು ಯಾರೂ ಬೇಕೆಂದು ಮೂಸುವುದಿಲ್ಲ, ಮೂಸಲೂಬಾರದು, ಮೈಗೆ ಒಳ್ಳೆಯದಲ್ಲ ಅದು. ಆದರೆ ನನ್ನ ಇಪ್ಪತ್ತಾರನೆಯ ವಯಸ್ಸಿನ ಒಂದು ಇಡೀ ಮಳೆಗಾಲಕ್ಕೆ ಇರುವುದು ಅದೇ ವಾಸನೆ. ಟೊಲುಯಿನ್ ಎಂದು ಅದರ ಹೆಸರು. ತಿನ್ನರಿನಲ್ಲಿ, ಬಣ್ಣದಲ್ಲಿ, ಗೋಂದಿನಲ್ಲಿ ಎಲ್ಲ ಕಡೆ ಇರುವ, ನೀರಿನಷ್ಟೇ ತಿಳಿಯಾದ ಒಂದು ದ್ರವ.

ಎರಡು ಸಾವಿರದ ನಾಲ್ಕನೆಯ ಇಸವಿ. ತಿರುವನಂತಪುರದ ಒಂದು ಸಂಶೋಧನಾಲಯದಲ್ಲಿ ನಾನು ಪಿಎಚ್‌ಡಿಗೆ ಸೇರಿ ಮೂರು ವರ್ಷ ಕಳೆದಿತ್ತು. ನನ್ನ ಊರು ಕಾಸರಗೋಡಿನ ಪೆರ್ಲದ ಕಡೆ. ಹತ್ತನೆಯ ತರಗತಿಯವರೆಗೆ ಪಕ್ಕಾ ಕನ್ನಡ ಮಾಧ್ಯಮ, ಆಮೇಲೆ ಇಂಗ್ಲಿಷು. ನಿನಗೆ ಮಲಯಾಳ ಬರುತ್ತದಾ ಎಂದು ಯಾರಾದರೂ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಕೇರಳದಲ್ಲೇ ಹುಟ್ಟಿದವಳು, ಬಸ್ಸಿನ ಕಂಡಕ್ಟರನ ಹತ್ತಿರ, ರೇಶನ್ ಅಂಗಡಿಯಲ್ಲಿ, ಮೀನಿನವರ ಹತ್ತಿರ ಮಲಯಾಳದಲ್ಲೇ ಜಗಳವಾಡಿ ಗೆದ್ದವಳು, ನನಗೆ ಬಾರದೇ ಇರುತ್ತದೆಯೇ? ಹಾಗಿದ್ದೂ ಹಾಸ್ಟೆಲಿನ ಮೊದಲ ವಾರವೇ ಪೆಟ್ಟು ತಿಂದಿದ್ದೆ. ಈ ಕಸವನ್ನು ಎಲ್ಲಿ 'ಚಾಡುವುದು' ಎಂದು ಕೇಳಿದೆ. ನಮ್ಮ ಕಡೆಯ ಮಲಯಾಳದಲ್ಲಿ ಚಾಡುವುದು ಎಂದರೆ ಬಿಸಾಡುವುದು. ತೆಂಕಣದವರಿಗೆ ಚಾಡುವುದು ಎಂದರೆ ಜಿಗಿಯುವುದು. ಹುಡುಗಿಯರು ಬಕೆಟ್ಟು ಹಿಡಿದುಕೊಂಡು ವರಾಂಡದ ತುಂಬ ಕುಪ್ಪಳಿಸಿ ಕುಪ್ಪಳಿಸಿ ತೋರಿಸಿದರು. ನಕ್ಕು ನಕ್ಕು ನನಗೂ ಸಾಕಾಯಿತು. ಆದರೆ ಜಂಬ ಮಾತ್ರ ಒಂದು ಗೆರೆಯೂ ಇಳಿಯಲಿಲ್ಲ.

ನಾನು ಮಾಡುತ್ತಿದ್ದ ಕೆಲಸವನ್ನು ಸುಲಭದಲ್ಲಿ ಹೇಳಿಬಿಡುತ್ತೇನೆ. ಕಚ್ಚಾ ಎಣ್ಣೆಯನ್ನು ಸೋಸಿ ಒಡೆದು ಪೆಟ್ರೋಲು ಡೀಸೆಲು ಮಾಡುವ ರಿಫೈನರಿಗಳಲ್ಲಿ ಕೆಟಲಿಸ್ಟ್ ಎಂಬ ಪದಾರ್ಥ ಬಳಸುತ್ತಾರೆ. ಕುಚ್ಚಲಕ್ಕಿಯ ಕಾಳಿಗಿಂತ ಸ್ವಲ್ಪ ದೊಡ್ಡದಾದ ಕಡ್ಡಿಚೂರುಗಳು ಅವು. ಒಂದಷ್ಟು ಕಾಲ ದುಡಿದ ಮೇಲೆ ಅವುಗಳ ಮೈಗೆಲ್ಲ ಮಸಿ ಹತ್ತಿ, ಶಕ್ತಿ ಇಳಿದು, ಅಲ್ಲಿಗೆ ಬೇಡವಾಗುತ್ತವೆ. ಹಾಗೆ ಬೇಡವಾದದ್ದನ್ನು ಮಣ್ಣಿಗೆ ಹಾಕಿದರೆ ಮಣ್ಣು ಹಾಳು, ಇಟ್ಟುಕೊಂಡರೆ ಜಾಗ ಹಾಳು. ಇತ್ತ ಟೊಲುಯಿನಿನಂಥ ದ್ರವಗಳಲ್ಲಿ ಒಂದು ಚೂರು ಕಲ್ಮಶ ಉಳಿದುಬಿಟ್ಟಿರುತ್ತದೆ. ಅದನ್ನು ಹಿಡಿಯಲು ಕಾರ್ಖಾನೆಯವರು ಒಂದು ಬಗೆಯ ಜೇಡಿಮಣ್ಣನ್ನು ದೂರದಿಂದ ತರಿಸುತ್ತಾರೆ. ಕೆಲವೇ ವಾರಗಳಲ್ಲಿ ಆ ಮಣ್ಣೂ ಸತ್ತು, ಅದನ್ನೂ ಬಿಸಾಡಬೇಕಾಗುತ್ತದೆ. ನನ್ನ ಗೈಡ್ ಕುರುಪ್ ಸರ್ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಹೈಸ್ಕೂಲಿನಿಂದ ರಿಟೈರಾದ ಮಾಸ್ತರರಿಗೆ ಮನೆಯಲ್ಲಿ ಕೂತು ಎರಡನೇ ಕ್ಲಾಸಿನ ಮಕ್ಕಳಿಗೆ ಪಾಠ ಹೇಳಲಿಕ್ಕಾಗುವುದಿಲ್ಲವಾ?" ರಿಫೈನರಿ ಹೊರಗೆ ಹಾಕಿದ ಕೆಟಲಿಸ್ಟೇ ಆ ಮಣ್ಣಿನ ಕೆಲಸ ಮಾಡಬಹುದಲ್ಲ ಎಂದು ಅವರ ಲೆಕ್ಕಾಚಾರ.

ಮಾಡುತ್ತಿತ್ತು. ಪ್ರಯೋಗಾಲಯದ ಮೇಜಿನ ಮೇಲೆ ಚೆನ್ನಾಗಿಯೇ ಮಾಡುತ್ತಿತ್ತು. ಒಂದು ಕೊಳವೆಯಲ್ಲಿ ಟೊಲುಯಿನ್ ಹಾಕಿ, ಗಂಧಕಾಮ್ಲ ಸೇರಿಸಿ, ಬಿರಡೆ ಹಾಕಿ ಕುಲುಕಿ ಇಟ್ಟರೆ ಕೆಳಗೆ ನಿಲ್ಲುವ ಆಮ್ಲದ ಬಣ್ಣವೇ ಎಲ್ಲ ಹೇಳಿಬಿಡುತ್ತದೆ. ಕಲ್ಮಶವಿದ್ದರೆ ಕಡು ಚಹಾದ ಬಣ್ಣ. ಇಲ್ಲದಿದ್ದರೆ ನೀರಿನ ಬಣ್ಣ. ನನ್ನ ಕೊಳವೆಯಲ್ಲಿ ಮೊದಲ ಸಲ ಅದು ನೀರಿನ ಬಣ್ಣದಲ್ಲೇ ನಿಂತಾಗ ನಾನು ಯಾರಿಗೂ ಹೇಳದೆ ಅರ್ಧ ಗಂಟೆ ಅದನ್ನೇ ನೋಡುತ್ತ ಕೂತಿದ್ದೆ.

ಕಷ್ಟವಿದ್ದದ್ದು ಮಸಿ ಸುಡುವುದರಲ್ಲಿ. ವಿದ್ಯುತ್ ಕುಲುಮೆಯಲ್ಲಿ ತಟ್ಟೆ ತಟ್ಟೆಯಾಗಿ ಇಟ್ಟು ಮೆಲ್ಲಮೆಲ್ಲಗೆ ಬಿಸಿ ಏರಿಸಬೇಕು. ಆತುರಪಟ್ಟರೆ ಮಸಿಯೇ ಭಗ್ಗೆಂದು ಹೊತ್ತಿಕೊಂಡು ಕಾಳಿನ ಒಳಗಿನ ಸೂಕ್ಷ್ಮ ರಂಧ್ರಗಳೆಲ್ಲ ಮುಚ್ಚಿಹೋಗುತ್ತವೆ, ಆಮೇಲೆ ಅದು ಬರೀ ಮರಳು. ಕೊಚ್ಚಿಯ ಹೊರಗೆ, ಕಾಕ್ಕನಾಡಿನಿಂದಾಚೆಗಿನ ಒಂದು ಚಿಕ್ಕ ಕಾರ್ಖಾನೆಯವರು ಟೊಲುಯಿನ್ ಹಾಯಿಸಿ ಸೋಸುವ ತಮ್ಮ ಹಳೆಯ ಸ್ತಂಭವೊಂದರಲ್ಲಿ ನಮ್ಮ ಕೆಟಲಿಸ್ಟ್ ತುಂಬಿ ಪರೀಕ್ಷಿಸಲು ಒಪ್ಪಿದ್ದರು. ಅದಕ್ಕೆ ನಲವತ್ತು ಕಿಲೋಗೆ ಕಡಿಮೆಯಿಲ್ಲದಷ್ಟು ಬೇಕು. ಒಂದು ಸಲಕ್ಕೆ ಕುಲುಮೆಗೆ ಹಿಡಿಯುವುದು ಒಂದು ಕಿಲೋ ಮಾತ್ರ. ಮೇ, ಜೂನ್ ಎರಡೂ ತಿಂಗಳು ನಾನು ಅದರ ಮುಂದೆಯೇ ಬಾಳಿದೆ. ಹೊರಗೆ ಮಳೆ ಧೋ ಎಂದು ಸುರಿಯುತ್ತಿತ್ತು, ಒಳಗೆ ನಾನು ಬೆವರಿನಲ್ಲಿ ಮೀಯುತ್ತಿದ್ದೆ. ಕರಿಯ ಕಾಳು ಬೂದಿಯಾಗಿ, ಆಮೇಲೆ ಮಾಸಲು ಬಿಳಿಯಾಗಿ ಹೊರಬರುತ್ತಿತ್ತು. ಅದನ್ನೆಲ್ಲ ಒಂದು ಡ್ರಮ್ಮಿಗೆ ತುಂಬಿ, ಮುಚ್ಚಳ ಬಿಗಿದು, ಜುಲೈ ಮೊದಲ ವಾರ ವ್ಯಾನಿನಲ್ಲಿ ಕೊಚ್ಚಿಗೆ ಕಳಿಸಿದೆವು. ಮಗುವನ್ನು ಮೊದಲ ದಿನ ಶಾಲೆಗೆ ಕಳಿಸಿದ ಹಾಗೆ ಆ ವ್ಯಾನಿನ ಹಿಂದೆ ಗೇಟಿನವರೆಗೂ ನಡೆದಿದ್ದೆ.

ಆ ಕಾರ್ಖಾನೆಯಲ್ಲಿ ಸ್ಟೋರು ನೋಡಿಕೊಳ್ಳುತ್ತಿದ್ದವರು ಔಸೇಪ್ ಚೇಟ್ಟನ್. ಅಲ್ಲಿ ಅಣ್ಣನಿಗೆ ಚೇಟ್ಟನ್, ಅಕ್ಕನಿಗೆ ಚೇಚಿ ಎನ್ನುತ್ತಾರೆ. ಐವತ್ತರ ಮೇಲಿನ ವಯಸ್ಸು, ಹನ್ನೊಂದು ವರ್ಷದಿಂದ ಅಲ್ಲಿ ಗುತ್ತಿಗೆಯ ಕೆಲಸ. ಕೂರುತ್ತಿದ್ದ ಜಾಗ ದೊಡ್ಡ ಬ್ಲೋವರಿನ ಪಕ್ಕದ ಶೆಡ್ಡು. ಆ ಗದ್ದಲದ ನಡುವೆ ಕೂತೂ "ಎರಡನೇ ಪಂಪು ಕೆಮ್ಮುತ್ತಾ ಇದೆ, ನೋಡಿ" ಎನ್ನುತ್ತಿದ್ದರು. ಬಿಚ್ಚಿ ನೋಡಿದರೆ ಬೇರಿಂಗು ಹೋಗಿರುತ್ತಿತ್ತು. ಉಳಿದವರು ನನ್ನನ್ನು ಮೇಡಂ ಎನ್ನುತ್ತಿದ್ದರು, ಅವರಿಗೆ ನಾನು ಮೋಳೇ, ಎಂದರೆ ಮಗಳೇ. ಹಿಂದೆ ಎರಡು ಮೂರು ಸಲ ಹೋದಾಗ ಅವರ ಬುತ್ತಿಯ ಮೀನುಸಾರಿನಲ್ಲಿ ನನಗೂ ಪಾಲು ಸಿಕ್ಕಿತ್ತು. ಯಾವ ಮಾತನ್ನೂ ಎರಡು ಸಲ ಕೇಳಿ ಖಚಿತ ಮಾಡಿಕೊಳ್ಳದೆ ಅವರು ಕೆಲಸಕ್ಕೆ ಕೈ ಹಾಕುವವರಲ್ಲ. ಇನ್ನೊಂದು ಪದ್ಧತಿಯಿತ್ತು ಅಲ್ಲಿ: ಹೊರಗೆ ಬಿಸಾಡುವ ಯಾವ ವಸ್ತುವನ್ನಾದರೂ ತೂಕ ಮಾಡಿ, ಪುಸ್ತಕದಲ್ಲಿ ಬರೆದು, ಆಮೇಲೆ ಬಿಸಾಡುವುದು. ಈ ಪದ್ಧತಿಯೇ ನನ್ನ ಕಾಲಿಗೆ ತೊಡರಿತು.

ಪರೀಕ್ಷೆ ಶುಕ್ರವಾರಕ್ಕೆ ನಿಗದಿಯಾಗಿತ್ತು. ಬುಧವಾರ ಬೆಳಿಗ್ಗೆ ಕುರುಪ್ ಸರ್, ಡ್ರಮ್ಮಿನ ಭಾರ ಬಿಟ್ಟು ಒಳಗಿನದರ ತೂಕ ಎಷ್ಟು, ಅಲ್ಲಿಯ ತಕ್ಕಡಿಯಲ್ಲಿ ನೋಡಿಸು ಎಂದರು. ನಾನು ತಂಪಾನೂರಿನ ಬಸ್ ಸ್ಟ್ಯಾಂಡಿನ ಎದುರಿಗಿದ್ದ ಎಸ್‌ಟಿಡಿ ಬೂತಿಗೆ ಹೋಗಿ, ಕೊಡೆಯಿಂದ ನೀರು ಸೋರಿಸುತ್ತ, ಸ್ಟೋರಿಗೆ ಫೋನ್ ಹಚ್ಚಿದೆ. ಔಸೇಪ್ ಚೇಟ್ಟನೇ ಎತ್ತಿದರು. ನಾವು ಆಡಿದ್ದು ಮಲಯಾಳದಲ್ಲಿ. ಒಂದು ಪದ ಬಿಟ್ಟು ಉಳಿದದ್ದನ್ನೆಲ್ಲ ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

"ಚೇಟ್ಟಾ, ನಮ್ಮ ಡ್ರಮ್ ಬಂತಲ್ಲ, ಅದನ್ನು ಕಳಯಣಂ. ಆಮೇಲೆ ತೂಕ ಎಷ್ಟೂಂತ ನನಗೆ ಹೇಳಬೇಕು."

"ಕಳಯಣೋ?" ಎಂದರು ಅವರು. "ಮೋಳೇ, ಖಂಡಿತ ತಾನೇ?"

"ಖಂಡಿತ. ಕಳಯಣಂ."

"ಪೂರ್ತಿಯಾ?"

ನನಗೆ ಬೂತಿನ ಮೀಟರ್ ಓಡುವುದು ಕಾಣುತ್ತಿತ್ತು. "ಪೂರ್ತಿ ಚೇಟ್ಟಾ, ಮುಚ್ಚಳ ಸಮೇತ! ಒಂದು ಗಂಟೆ ಬಿಟ್ಟು ಫೋನ್ ಮಾಡ್ತೇನೆ."

ಒಂದು ಗಂಟೆ ಬಿಟ್ಟು ಮಾಡಿದೆ. "ಆಯಿತಾ?" "ಆಯಿತು." "ಎಷ್ಟು?" "ಒಳಗಿನದು ನಲವತ್ತಮೂರು ಕಿಲೋ." ನಾನು ಕಳಿಸುವಾಗ ಹಾಕಿದ ಲೆಕ್ಕವೂ ನಲವತ್ತಮೂರೇ! ಎಷ್ಟು ಖುಷಿಯಾಯಿತೆಂದರೆ ಅಲ್ಲೇ ಪಕ್ಕದ ಅಂಗಡಿಯಲ್ಲಿ ನಿಂತು ಎರಡು ಪಳಂಪೊರಿ, ಎಂದರೆ ಬಾಳೆಹಣ್ಣಿನ ಪೋಡಿ, ತಿಂದು ಬಂದೆ.

ಶುಕ್ರವಾರ ನಾನು, ಕುರುಪ್ ಸರ್ ಇಬ್ಬರೂ ಕಾರ್ಖಾನೆಯ ಗೇಟು ದಾಟಿದಾಗ ಮಳೆಯಲ್ಲಿ ಒಂದು ಡ್ರಮ್ಮು ಬೋರಲಾಗಿ ನಿಂತಿತ್ತು. ಚೆನ್ನಾಗಿ ತೊಳೆದಿದ್ದರು. ಅದರ ಮೇಲಿದ್ದ ನನ್ನದೇ ಕೈಬರಹದ ಚೀಟಿ ಅರ್ಧ ಹರಿದಿತ್ತು. ಕೆಟಲಿಸ್ಟ್ ಎಲ್ಲಿ ಎಂದೆ. ಔಸೇಪ್ ಚೇಟ್ಟನ್ ಹಿತ್ತಿಲಿನ ಕಡೆ ಕೈ ತೋರಿಸಿದರು. ಬಳಸಿ ಸತ್ತ ಜೇಡಿಮಣ್ಣಿನ ಎಣ್ಣೆಗಪ್ಪು ರಾಶಿ ಅಲ್ಲಿ ಮಳೆಗೆ ಕೆಸರಾಗಿ ಬಿದ್ದಿತ್ತು. ಅದರ ಮೈಮೇಲೆ ಅಲ್ಲಲ್ಲಿ ನನ್ನ ಬಿಳಿ ಕಾಳುಗಳು. ಎರಡು ತಿಂಗಳ ಬೆವರು! ನನಗೆ ಅಳು ಬರಲಿಲ್ಲ, ಕೆಂಡದಂಥ ಸಿಟ್ಟು ಬಂತು.

ಮ್ಯಾನೇಜರ್ ತಮ್ಮ ಕೋಣೆಗೆ ಕರೆದರು. ಚೆನ್ನೈಯಲ್ಲಿ ಬೆಳೆದ ಚಿಕ್ಕ ಪ್ರಾಯದ ಮನುಷ್ಯ, ಎಲ್ಲ ಮಾತೂ ಇಂಗ್ಲಿಷಿನಲ್ಲೇ. ನಾನೂ ಇಂಗ್ಲಿಷಿನಲ್ಲೇ ಬಡಬಡಿಸಿದೆ. ಡ್ರಮ್ಮಿನ ತೂಕ ವಜಾ ಮಾಡಿ ಎಂದೆ, ಬಿಸಾಡಿ ಎಂದು ನಾನು ಹೇಳಲೇ ಇಲ್ಲ, ಯಾರಾದರೂ ಹೇಳುತ್ತಾರೆಯೇ, ನನಗೇನು ತಲೆ ಕೆಟ್ಟಿದೆಯೇ? ಒಂದೇ ಒಂದು ಸಲ ನಾನು ಆಡಿದ ಮಲಯಾಳದ ಮಾತನ್ನು ಹಾಗೆಯೇ ಅಲ್ಲಿ ಹೇಳಿದ್ದರೆ ಎಲ್ಲವೂ ಅಲ್ಲಿಗೇ ಮುಗಿಯುತ್ತಿತ್ತು. ಹೇಳಲಿಲ್ಲ. ಔಸೇಪ್ ಚೇಟ್ಟನ್ ಬಾಗಿಲ ಹತ್ತಿರ ನಿಂತು ನಮ್ಮ ಬಾಯಿಗಳನ್ನೇ ನೋಡುತ್ತಿದ್ದರು. ಮ್ಯಾನೇಜರ್ ಅವರ ಕಡೆ ತಿರುಗಿ, ತಮಿಳಿನಲ್ಲಿ, ಈಕೆ ಬಿಸಾಡು ಎಂದು ಹೇಳಿಯೇ ಇಲ್ಲವಂತಲ್ಲ ಎಂದರು.

"ನಾನು ಕೇಳಿದ್ದು ಹಾಗೆ. ಎರಡು ಸಲ ಕೇಳಿದೆ ಸರ್."

"ನಾನು ಹೇಳಿಲ್ಲ ಚೇಟ್ಟಾ," ಎಂದೆ. ದೇವರಾಣೆಗೂ ಆಗ ನನಗೆ ಹಾಗೆಯೇ ಅನ್ನಿಸಿತ್ತು.

ಅವರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಅವರ ಕೈ ತನ್ನಷ್ಟಕ್ಕೆ ಬಲಗಿವಿಗೆ ಹೋಯಿತು. "ಮೋಳು ಸುಳ್ಳು ಹೇಳುವವಳಲ್ಲ," ಎಂದರು ಮೆಲ್ಲಗೆ. "ಹಾಗಾದರೆ ನನಗೇ ಕೇಳಿಸಲಿಲ್ಲ."

ಅಷ್ಟು ಸಾಕಾಯಿತು. ಹನ್ನೊಂದು ವರ್ಷ ಬ್ಲೋವರಿನ ಪಕ್ಕ ಕೂತ ಕಿವಿ. ಬೆಂಕಿ ಹತ್ತುವ ದ್ರವಗಳಿರುವ ಜಾಗದಲ್ಲಿ ಗಂಟೆ ಹೊಡೆದರೆ ಕೇಳಿಸದವನನ್ನು ಇಟ್ಟುಕೊಳ್ಳುವ ಹಾಗಿಲ್ಲ ಎಂದು ಮ್ಯಾನೇಜರ್ ಹೇಳಿದರು. ಅದು ಸರಿಯಾದ ಮಾತೇ. ಕಿವಿ ಪರೀಕ್ಷೆ ಮಾಡಿಸಿದರು. ಸಣ್ಣ ಕೀಚಲು ಸದ್ದು ಕೆಲವು ಕೇಳಿಸುವುದಿಲ್ಲ, ವಯಸ್ಸಾಯಿತಲ್ಲ ಎಂದು ಡಾಕ್ಟರರು ಬರೆದರಂತೆ. ಯಾರಿಗೆ ಬರೆದರೂ ಆ ವಯಸ್ಸಿಗೆ ಅಷ್ಟು ಬರೆಯುತ್ತಾರೆ. ಆದರೆ ನನ್ನ ದೂರಿನ ಜೊತೆ ಸೇರಿಸಿ ಓದಿದರೆ ಅದಕ್ಕೆ ಬೇರೆ ಅರ್ಥ. ಜುಲೈ ಮುಗಿಯುವಾಗ ಅವರ ಗುತ್ತಿಗೆ ಮುಗಿಯುತ್ತದೆ, ಮುಂದೆ ಬರೆಯುವುದಿಲ್ಲ ಎಂದಾಯಿತು. ನಾನು ಅದಾಗಲೇ ಒಂದು ಪುಟದ ವರದಿ ಬರೆದು ಸಹಿ ಹಾಕಿ ಕೊಟ್ಟಾಗಿತ್ತು, ಸ್ಟೋರಿನವರು ತಪ್ಪಾಗಿ ಕೇಳಿಸಿಕೊಂಡದ್ದರಿಂದ ಮಾಲು ನಷ್ಟವಾಗಿದೆ ಎಂದು, ಸ್ವಚ್ಛ ಇಂಗ್ಲಿಷಿನಲ್ಲಿ.

ತಿರುವನಂತಪುರಕ್ಕೆ ಮರಳಿ ಮತ್ತೆ ಕುಲುಮೆಯ ಮುಂದೆ ಕೂತೆ. ಮೊದಲ ಕಿಲೋ, ಎರಡನೆಯ ಕಿಲೋ. ಪಾಪ ಅನ್ನಿಸುತ್ತಿತ್ತು ಔಸೇಪ್ ಚೇಟ್ಟನನ್ನು ನೆನೆದರೆ. ಆದರೆ ಹಾಗೆ ಪಾಪ ಅನ್ನುವಾಗೆಲ್ಲ ನನ್ನ ನಷ್ಟವೂ ನೆನಪಾಗಿ ಮನಸ್ಸು ಗಟ್ಟಿಯಾಗುತ್ತಿತ್ತು.

ಭಾನುವಾರಗಳಲ್ಲಿ ನಾನು ವಾರಿಜಕ್ಕನ ಮನೆಗೆ ಊಟಕ್ಕೆ ಹೋಗುವುದಿತ್ತು. ಅವರೂ ಕಾಸರಗೋಡಿನವರೇ, ಬದಿಯಡ್ಕದ ಹತ್ತಿರ. ಸೆಕ್ರೆಟೇರಿಯಟ್ಟಿನ ಕಾನೂನು ವಿಭಾಗದಲ್ಲಿ ಕೆಲಸ. ಮಗಳು ಅಮ್ಮು ತಿರುವನಂತಪುರದಲ್ಲೇ ಹುಟ್ಟಿ ಬೆಳೆದವಳು, ಎರಡನೇ ಕ್ಲಾಸು. ನಾವು ಕನ್ನಡದಲ್ಲಿ ಕೇಳಿದರೆ ಅವಳ ಉತ್ತರ ಮಲಯಾಳದಲ್ಲಿ. ಎರಡನೆಯ ಭಾನುವಾರ ವಾರಿಜಕ್ಕ ಒಳಗೆ ಕೊದ್ದೆಲಿಗೆ ಒಗ್ಗರಣೆ ಹಾಕುತ್ತಿದ್ದರು. "ಇವಳಿಗೆ ಆ ಲೆಕ್ಕ ಒಂದು ತೋರಿಸಿಕೊಡು ಮಾರಾಯ್ತಿ, ನನ್ನತ್ರ ಬರೀ ಹಟ," ಎಂದು ಅಲ್ಲಿಂದಲೇ ಹೇಳಿದರು. ನಾನು ಪುಸ್ತಕ ಎಳೆದುಕೊಂಡೆ. ಹದಿಮೂರು, ಅದರಡಿಯಲ್ಲಿ ಐದು. ಮಗುವಿಗೆ ಸುಲಭವಾಗಲಿ ಎಂದು ಮಲಯಾಳದಲ್ಲೇ ಹೇಳಿದೆ, "ಹದಿಮೂರರಿಂದ ಐದು ಕಳಯಣಂ."

ಅಮ್ಮು ಪೆನ್ಸಿಲ್ ಬಾಯಿಂದ ತೆಗೆದು ನನ್ನನ್ನೇ ನೋಡಿದಳು. "ಕಳಯಾನೋ? ಎಲ್ಲಿ ಕಳೆಯುವುದು ಚೇಚೀ, ಕಸದ ಬುಟ್ಟಿಗಾ?"

ಮತ್ತೆ ಬಿದ್ದು ಬಿದ್ದು ನಕ್ಕಳು. ನನಗೆ ಅರ್ಥವಾಗಲಿಲ್ಲ. "ಅಲ್ಲ ಪುಟ್ಟಾ, ಕಳೆಯುವುದು ಅಂದ್ರೆ ಹೀಗೆ," ಎಂದು ಐದು ಬೆರಳು ಮಡಚಿ ತೋರಿಸಿದೆ.

"ಅದು ಕುರಯ್ಕ್ಕುವುದು!" ಎಂದಳು ಅಮ್ಮು. "ಕಳಯುವುದು ಅಂದ್ರೆ ಇದು." ಪೆನ್ಸಿಲಿನ ಹೆರೆಪುಡಿಯನ್ನು ಅಂಗೈಯಲ್ಲಿ ಹಿಡಿದು ಕಿಟಕಿಯಿಂದಾಚೆ ಎಸೆದು ತೋರಿಸಿದಳು.

ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದು. ಇವನ್ನೆಲ್ಲ ನಾನು ಪೆರ್ಲದ ಶಾಲೆಯಲ್ಲಿ ಕನ್ನಡದಲ್ಲಿ ಕಲಿತವಳು. ಮಲಯಾಳದಲ್ಲಿ ನನಗೆ ಬಸ್ಸು ಬರುತ್ತಿತ್ತು, ಮೀನು ಬರುತ್ತಿತ್ತು, ಬೈಗುಳ ಬರುತ್ತಿತ್ತು. ಲೆಕ್ಕ ಬರುತ್ತಿರಲಿಲ್ಲ. ಕನ್ನಡದ 'ಕಳೆ'ಗೆ ಮಲಯಾಳದ ಬಾಲ ಅಂಟಿಸಿ ಕಳಯಣಂ ಎಂದಿದ್ದೆ. ಅಲ್ಲಿಯವರಿಗೆ ಅದರ ಅರ್ಥ ಒಂದೇ: ಬಿಸಾಡಬೇಕು. ನಮ್ಮ ಊರಿನಲ್ಲಿ ಬಿಸಾಡುವುದಕ್ಕೆ ಬೇರೆಯೇ ಪದವಿದ್ದದ್ದರಿಂದ ಇದು ನನ್ನ ಕಿವಿಗೆ ಬಿದ್ದೇ ಇರಲಿಲ್ಲವೋ, ಬಿದ್ದರೂ ಒಳಗೆ ಇಳಿದಿರಲಿಲ್ಲವೋ. ಎರಡೆರಡು ಸಲ ಕೇಳಿದ್ದರು ಆ ಪುಣ್ಯಾತ್ಮ. ಪೂರ್ತಿಯಾ ಎಂದೂ ಕೇಳಿದ್ದರು. ಮುಚ್ಚಳ ಸಮೇತ ಎಂದವಳು ನಾನು!

ವಾರಿಜಕ್ಕನಿಗೆ ಎಲ್ಲ ಹೇಳಿದೆ. ಅವರು ಸೌಟು ಕೆಳಗಿಟ್ಟು ಕೇಳಿದರು, ಮೊದಲು ನಕ್ಕರು, ಆಮೇಲೆ ನಗು ನಿಲ್ಲಿಸಿದರು. "ಬರವಣಿಗೆಯಲ್ಲಿ ಕೊಟ್ಟಿದ್ದೀಯಾ?" "ಕೊಟ್ಟಿದ್ದೇನೆ." "ಹಾಗಾದ್ರೆ ಸುಮ್ಮನೆ ಇರು. ಸಹಿ ಹಾಕಿದ್ದನ್ನು ಈಗ ತಿರುಗಿಸಿದ್ರೆ ನಿನ್ನ ಬುಡಕ್ಕೇ ಬರ್ತದೆ. ಥೀಸಿಸ್ ಮುಗಿಯುವ ಹೊತ್ತಿಗೆ ಇದೆಲ್ಲ ಎಂತಕ್ಕೆ? ಅವರಿಗೆ ಹೇಗೂ ಬೇರೆ ಎಲ್ಲಾದರೂ ಕೆಲಸ ಸಿಗ್ತದೆ."

ಅಕ್ಕ ಕೆಟ್ಟವರಲ್ಲ, ನನ್ನ ಮೇಲಿನ ಪ್ರೀತಿಗೆ ಹೇಳಿದ್ದು. ನಾನು ಅದನ್ನೇ ನೆಪ ಮಾಡಿಕೊಂಡೆ. ಸೋಮವಾರ ಸುಮ್ಮನಿದ್ದೆ, ಮಂಗಳವಾರ ಸುಮ್ಮನಿದ್ದೆ. ಬುಧವಾರ ಬೆಳಿಗ್ಗೆ ಕುರುಪ್ ಸರ್ ಕೋಣೆಯ ಬಾಗಿಲವರೆಗೆ ಹೋಗಿ ಮರಳಿದೆ. ಕುಲುಮೆಯ ಬಿಸಿ ನೋಡುತ್ತ ಕೂತರೆ ಆ ಮನುಷ್ಯ ಕಿವಿ ಮುಟ್ಟಿಕೊಂಡದ್ದೇ ಕಣ್ಣಿಗೆ ಕಟ್ಟುತ್ತಿತ್ತು. ಬುಧವಾರ ಸಂಜೆ ಕೊನೆಗೂ ಒಳಗೆ ಹೋಗಿ ಹೇಳಿದೆ. ಕುರುಪ್ ಸರ್ ಕನ್ನಡಕ ತೆಗೆದು ಒರೆಸಿದರು. "ಕಳಯಣಂ," ಎಂದು ತಮ್ಮಷ್ಟಕ್ಕೆ ಒಮ್ಮೆ ಹೇಳಿ ನೋಡಿದರು. "ಹೋಗು. ನಾಳೆ ಮೊದಲ ಗಾಡಿಗೆ ಹೋಗು. ಮೊದಲು ಮ್ಯಾನೇಜರಿಗಲ್ಲ, ಅವರಿಗೆ ಹೇಳು."

ಹಾಗೆ ಗುರುವಾರ ಕಾರ್ಖಾನೆಗೆ ಹೋದೆ. ಶೆಡ್ಡಿನಲ್ಲಿ ಫೋನು ಹೊಡೆದುಕೊಳ್ಳುತ್ತಿತ್ತು, ಔಸೇಪ್ ಚೇಟ್ಟನ್ ಪಕ್ಕದಲ್ಲೇ ಕೂತು ಎತ್ತದೆ ಅದನ್ನೇ ನೋಡುತ್ತಿದ್ದರು. ಕೊನೆಗೆ ಹೊರಗಿನಿಂದ ಯಾರೋ ಓಡಿ ಬಂದು ಎತ್ತಿದರು. ಈಗ ಹಾಗೆಯೇ ಅಂತೆ, ಅವರು ಫೋನು ಮುಟ್ಟುವುದಿಲ್ಲವಂತೆ. ನಾನು ಎದುರಿನ ಸ್ಟೂಲಿನ ಮೇಲೆ ಕೂತೆ. ಅವರು ನನ್ನ ಬಾಯಿಯ ಮೇಲೆಯೇ ಕಣ್ಣಿಟ್ಟರು, ಕಿವುಡರು ನೋಡುವ ಹಾಗೆ.

"ಚೇಟ್ಟಾ, ನಿಮ್ಮ ಕಿವಿ ಸರಿಯಾಗಿಯೇ ಇದೆ. ನಾನು ಹೇಳಿದ್ದೇ ಕಳಯಣಂ ಎಂದು. ನಮ್ಮ ಭಾಷೆಯಲ್ಲಿ ಅದಕ್ಕೆ ಕುರಯ್ಕ್ಕುವುದು ಎಂದು ಅರ್ಥ. ನನಗೆ ಇಲ್ಲಿಯ ಮಾತು ಗೊತ್ತಿರಲಿಲ್ಲ. ತಪ್ಪು ನನ್ನದು, ಪೂರ್ತಿ ನನ್ನದು."

ಅವರು ಕೂತಲ್ಲೇ ಕೂತಿದ್ದರು. "ಕಳಯಣಂ ಎಂದೇ ಹೇಳಿದ್ದಾ?"

"ಹೌದು."

"ಎರಡು ಸಲ?"

"ಎರಡು ಸಲ."

"ಇದು ಯಾವಾಗ ಗೊತ್ತಾಯಿತು?"

ಭಾನುವಾರ ಎಂದೆ. ಅವರು ಬೆರಳು ಮಡಚಿ ಎಣಿಸಿದರು, ಸೋಮ, ಮಂಗಳ, ಬುಧ, ಗುರು. ಒಂದು ಬೈದಿದ್ದರೆ ಎಷ್ಟು ಹಗುರಾಗುತ್ತಿತ್ತು ನನಗೆ.

ಮ್ಯಾನೇಜರಿಗೆ ಹೊಸ ವರದಿ ಬರೆದುಕೊಟ್ಟೆ, ಹಳೆಯದನ್ನು ಹಿಂದಕ್ಕೆ ಪಡೆದೆ. ಅವರು ಓದಿ, ಒಂದು ಪದಕ್ಕೆ ಇಷ್ಟೆಲ್ಲವೇ ಎಂದು ತಲೆ ಕೆರೆದುಕೊಂಡು, ಗುತ್ತಿಗೆಯ ಕಾಗದ ಮುಂದುವರಿಸುವುದಾಗಿ ಅಲ್ಲೇ ಹೇಳಿದರು. ನನ್ನ ಮೇಲೆ ಸಂಶೋಧನಾಲಯದಿಂದ ಒಂದು ಎಚ್ಚರಿಕೆಯ ಪತ್ರ ಬಂತು, ಥೀಸಿಸ್ ಒಂದು ವರ್ಷ ಹಿಂದೆ ಬಿತ್ತು. ಮತ್ತೆ ನಲವತ್ತು ಕಿಲೋ ಸುಟ್ಟೆ. ಡಿಸೆಂಬರಿನಲ್ಲಿ ಆ ಸ್ತಂಭದಿಂದ ಇಳಿದ ಟೊಲುಯಿನಿಗೆ ಆಮ್ಲ ಹಾಕಿ ಕುಲುಕಿದಾಗ ಅದು ನೀರಿನ ಬಣ್ಣದಲ್ಲೇ ನಿಂತಿತು. ಹತ್ತಿರದಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ನನಗೆ ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ. ಆದರೂ ಆ ವರ್ಷ ಎಂದರೆ ನನಗೆ ನೆನಪಾಗುವುದು ಆ ಡಿಸೆಂಬರಲ್ಲ, ಆ ಗುರುವಾರದ ಸಂಜೆ.

ಕೆಲಸ ಬಿಡುವ ಹೊತ್ತಿಗೆ ನಾನು ಗೇಟಿನಲ್ಲಿ ಕಾಯುತ್ತಿದ್ದೆ. ಔಸೇಪ್ ಚೇಟ್ಟನ್ ಬುತ್ತಿಚೀಲ ಹಿಡಿದು ಹೊರಗೆ ಬಂದರು, ನನ್ನನ್ನು ದಾಟಿ ನಾಲ್ಕು ಹೆಜ್ಜೆ ಹೋದರು, ನಿಂತರು.

"ಮನೆಗೆ ಬರಬೇಕು," ಎಂದರು. "ನನ್ನ ಹೆಂಡತಿಗೂ ಹೇಳಬೇಕು."

"ಬರುತ್ತೇನೆ ಚೇಟ್ಟಾ."

"ಮೆಲ್ಲಗೆ ಹೇಳಿದರೆ ಸಾಕು."

ಎರ್ನಾಕುಳಂವರೆಗೆ ಬಸ್ಸು, ಅಲ್ಲಿಂದ ಫೋರ್ಟ್ ಕೊಚ್ಚಿಗೆ ಬೋಟು. ಮಳೆ ಬಿಟ್ಟು ನೀರಿನ ಮೇಲೆ ಹಳದಿ ಬಿಸಿಲು ಬಿದ್ದಿತ್ತು. ಬೋಟಿನ ಎಂಜಿನ್ನು ಗುಡುಗುಡು ಎನ್ನುತ್ತಿತ್ತು, ಪಕ್ಕದ ಬೆಂಚಿನವರು ಕಿರುಚಿ ಮಾತಾಡುತ್ತಿದ್ದರು. ಅರ್ಧ ದಾರಿಯಲ್ಲಿ ಔಸೇಪ್ ಚೇಟ್ಟನ್ ತಲೆಯನ್ನು ಎಂಜಿನ್ನಿನ ಕಡೆ ಸ್ವಲ್ಪ ವಾಲಿಸಿದರು. ಕಣ್ಣು ಮುಚ್ಚಿ, ಬಹಳ ಹೊತ್ತು ಹಾಗೆಯೇ ಕೂತಿದ್ದರು.

ಇಕ್ಕಟ್ಟಾದ ಓಣಿಯಲ್ಲಿ ಹೆಂಚಿನ ಸಣ್ಣ ಮನೆ. ಅವರ ಹೆಂಡತಿ ತ್ರೇಸ್ಯಾ ಚೇಚಿ ಬಾಗಿಲಿಗೆ ಬಂದು, ಗಂಡನ ಕಿವಿಯ ಹತ್ತಿರ ಬಾಯಿಟ್ಟು, ಓಣಿಗೆಲ್ಲ ಕೇಳುವ ಹಾಗೆ ಕಿರುಚಿದರು, "ಯಾರಿದು? ಯಾರು ಈ ಹುಡುಗಿ?" ಔಸೇಪ್ ಚೇಟ್ಟನ್ ಹೊರಜಗಲಿಯ ಬೆಂಚಿನಲ್ಲಿ ಓಣಿಯ ಕಡೆ ಮುಖ ಮಾಡಿ ಕೂತರು.

ನಾನು ಒಳಗೆ ಹೋಗಿ ಹೇಳಿದೆ, ಮೆಲ್ಲಗೆ. ಚೇಚಿ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತು ಕೇಳಿದರು. ಮುಗಿದ ಮೇಲೆ ನನ್ನನ್ನು ಬೈದರು, ಚೆನ್ನಾಗಿಯೇ ಬೈದರು. ಎರಡು ವಾರದಿಂದ ಕಿರುಚಿ ಕಿರುಚಿ ಗಂಟಲು ಹರಿದುಹೋಗಿದೆ, ಇವರಿಬ್ಬರು ದಿನಾ ಜಗಳವಾಡುತ್ತಾರೆ ಎಂದು ಅಕ್ಕಪಕ್ಕದವರು ಆಡಿಕೊಳ್ಳುತ್ತಿದ್ದಾರೆ, ಚರ್ಚಿನಲ್ಲಿ ಹಾಡಲಿಕ್ಕೂ ಇವರು ನಿಲ್ಲುತ್ತಿಲ್ಲ, ನಿನ್ನ ಒಂದು ಮಾತಿಗೆ! ನಾನು ತಲೆ ತಗ್ಗಿಸಿ ನಿಂತಿದ್ದೆ. ಬೈದು ಮುಗಿಸಿ ಸೆರಗಿನಿಂದ ಮುಖ ಒರೆಸಿಕೊಂಡು ಚಹಾಕ್ಕೆಂದು ಒಳಗೆ ಹೋದರು. ಅಡುಗೆಮನೆ ಹಿಂದೆ ಎಲ್ಲೋ ಇತ್ತು. ಪಾತ್ರೆಯ ಸದ್ದು, ಸ್ಟೌ ಹೊತ್ತಿಸಿದ ಸದ್ದು. ಆಮೇಲೆ ಚೇಚಿ ತಮ್ಮಷ್ಟಕ್ಕೆ ಏನೋ ಗೊಣಗಿದರು. ನಡುಕೋಣೆಯಲ್ಲಿ ನಿಂತಿದ್ದ ನನಗೆ ಅದು ಕೇಳಿಸಲೇ ಇಲ್ಲ.

"ಸಕ್ಕರೆ ಮೇಲಿನ ಹಲಗೆಯಲ್ಲಿದೆ," ಎಂದರು ಜಗಲಿಯಿಂದ ಔಸೇಪ್ ಚೇಟ್ಟನ್, ತಿರುಗಿಯೂ ನೋಡದೆ. "ಅಕ್ಕಿಹಿಟ್ಟಿನ ಡಬ್ಬದ ಹಿಂದೆ."

ಒಳಗೆ ಪಾತ್ರೆಯ ಸದ್ದು ನಿಂತಿತು. ಬಹಳ ಹೊತ್ತು ನಿಂತೇ ಇತ್ತು.